ಐದು ಜೇಬಿನ ದುಡ್ಡು ಕಮ್ಮಿ ಮಾಡಿ

ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಒಳಗೆ ನಾನು ಉಣ್ಣೆ ಟೋಪಿ ಮಾರುತ್ತಿದ್ದೇನೆ. ಇಂಥ ಉದ್ಯೋಗ ಹಿಡಿದವನಿಗೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ಎಸ್ಕಲೇಟರ್ ಹತ್ತಿಕೊಂಡು ಬರುತ್ತವೆ.

ದುಬೈಯ ಒಂದು ಮಾಲ್‌ನಲ್ಲಿ, ಹಿಮದ ಮೇಲೆ ಜಾರುವ ಆಟಕ್ಕೆ, ಅಂದರೆ ಸ್ಕೀಯಿಂಗ್‌ಗೆ ಬೇಕಾದ ಸಾಮಾನಿನ ಅಂಗಡಿಯಲ್ಲಿ ನಾನು ಎಂಟು ವರ್ಷ ಸೇಲ್ಸ್‌ಮನ್ ಆಗಿದ್ದೆ. ಊರು ಕಾರ್ಕಳ. ಕೆಲಸಕ್ಕೆ ಸೇರುವವರೆಗೆ ನಾನು ಕಂಡ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದು. ಅದನ್ನೂ ಅಮ್ಮ ಸೌಟಿನ ಹಿಡಿಯಿಂದ ಕೆರೆದು ಬಿಸಾಡುತ್ತಿದ್ದಳು.

ಸೇರಿದ ಮೊದಲ ವಾರ ಯುರೋಪಿನಿಂದ ಒಬ್ಬ ಬಿಳಿಗಡ್ಡದ ತರಬೇತುದಾರ ಬಂದು ನಮಗೆ ಒಂದೇ ಪಾಠ ಹೇಳಿಕೊಟ್ಟ. "ಗಿರಾಕಿಯ ಹತ್ತಿರ ದುಡ್ಡು ಕಡಿಮೆ ಇದ್ದರೆ ಮೋಸ ಮಾಡಬೇಡಿ. ಬಣ್ಣ, ಬ್ರ್ಯಾಂಡು, ಹೊಸ ಮಾಡೆಲ್ಲು, ಜಾಸ್ತಿ ಜೇಬು, ಇದರಲ್ಲೆಲ್ಲ ಉಳಿಸಬಹುದು. ಬೂಟು, ಕೈಗವಸು, ಹೆಲ್ಮೆಟ್ಟು, ಇದರಲ್ಲಿ ಉಳಿಸಬಾರದು. ಇಷ್ಟು ಹೇಳಿದರೆ ಸಾಕು."

ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಬಂದವರಿಗೆಲ್ಲ ಒಪ್ಪಿಸುತ್ತಿದ್ದೆ. ಅದೇ ಸುಮಾರಿಗೆ ಜಾರ್ಜಿಯಾ ದೇಶಕ್ಕೆ ಹೋಗುವುದು ಇಲ್ಲಿಯ ರೆಸಿಡೆನ್ಸ್ ವೀಸಾ ಇದ್ದವರಿಗೆ ಸುಲಭವಾಯಿತು. ನಾಲ್ಕು ಗಂಟೆಯೊಳಗೆ ವಿಮಾನ ಇಳಿಸುತ್ತದೆ. ಕಾರು ಹತ್ತಿದರೆ ಬೆಟ್ಟದ ತುಂಬ ಹಿಮ. ನಮ್ಮ ಉಡುಪಿ-ಮಂಗಳೂರು ಕಡೆಯವರು ಚಳಿಗಾಲದ ರಜೆಗೆ ಸಾಲುಗಟ್ಟಿ ಹೊರಟರು. ಹೊರಡುವ ಮೊದಲು ನನ್ನಂಗಡಿಗೆ ಬಂದು ನನ್ನ ಪಾಠವನ್ನು ತಲೆಯಾಡಿಸಿ ಕೇಳುತ್ತಿದ್ದರು. ಕೇಳಿ, ಸರಿಯಾಗಿ ಅದರ ಉಲ್ಟಾ ಮಾಡುತ್ತಿದ್ದರು.

ಏಳು ಜೇಬಿನ ಜಾಕೆಟ್

ದುಬೈಯ ದೇರಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಉಪ್ಪಿನಂಗಡಿ ಕಡೆಯ ಹಾಜಿಯವರು ಒಂದು ಶುಕ್ರವಾರ ಸಂಜೆ ಹೆಂಡತಿಯೊಂದಿಗೆ ಬಂದರು. ಮಗ, ಸೊಸೆ ಎಲ್ಲ ಸೇರಿ ಜಾರ್ಜಿಯಾಕ್ಕೆ ಹೊರಡಿಸಿದ್ದರು. ಹಾಜಿಯವರಿಗೆ ಜಾಕೆಟ್ ಬೇಕು. ನನ್ನ ಮುಖ ನೋಡಿದ್ದೇ ತುಳುವಿನಲ್ಲಿ ಊರು ವಿಚಾರಿಸಿದರು. ಹೇಳಿದೆ.

"ಕಾರ್ಕಳದವನಾ? ಹಾಗಾದ್ರೆ ಸರಿ. ರೇಟು ಹೇಳು ಮಾರಾಯ."

"ಇಲ್ಲಿ ಫಿಕ್ಸೆಡ್ ರೇಟು, ಹಾಜಿಯವರೇ. ಚೀಟಿ ಮೇಲೆ ಉಂಟಲ್ಲ."

"ಫಿಕ್ಸೆಡ್ ರೇಟು ಬೇರೆ ಊರಿನವರಿಗೆ."

ನಾನು ಕೈಮುಗಿದೆ. ಕಂಪ್ಯೂಟರು ಚೌಕಾಸಿಗೆ ಒಪ್ಪುವುದಿಲ್ಲ ಎಂದೆ. ಹಾಜಿಯವರು ಬಿಡುವವರಲ್ಲ, ನಲವತ್ತು ವರ್ಷ ಬಟ್ಟೆಯ ವ್ಯಾಪಾರ ಮಾಡಿದವರು. ಜಾಕೆಟನ್ನು ಮೇಜಿನ ಮೇಲೆ ಹರಡಿ, ಪೋಸ್ಟ್‌ಮಾರ್ಟಂ ಮಾಡುವ ಡಾಕ್ಟರ ಹಾಗೆ ತೋಳು ಮಡಚಿ ನಿಂತರು.

"ಇದರಲ್ಲಿ ಎಷ್ಟು ಜೇಬು ಉಂಟು?"

"ಏಳು."

"ನನಗೆ ಕೈ ಎರಡು. ಎರಡು ಜೇಬು ಸಾಕು. ಐದು ಜೇಬಿನ ದುಡ್ಡು ಕಮ್ಮಿ ಮಾಡಿ."

"ಜೇಬು ತೆಗೆಯಲಿಕ್ಕೆ ಬರುವುದಿಲ್ಲ, ಹಾಜಿಯವರೇ. ಕಮ್ಮಿ ಜೇಬಿನ ಬೇರೆ ಜಾಕೆಟ್ ಉಂಟು."

"ಬೇಡ, ಬಟ್ಟೆ ಇದರದ್ದೇ ಒಳ್ಳೆಯದು. ಕುತ್ತಿಗೆಗೆ ಹೊಲಿದ ಈ ಟೋಪಿ? ನಾನು ತಲೆಗೆ ನನ್ನದೇ ಹಾಕ್ತೇನೆ. ಟೋಪಿಯದ್ದು ಕಮ್ಮಿ ಮಾಡು. ಕಂಕುಳಲ್ಲಿ ಈ ಜಿಪ್ ಎಂತದ್ದು?"

"ಸೆಕೆ ಆದ್ರೆ ಗಾಳಿ ಬಿಡಲಿಕ್ಕೆ."

"ಚಳಿಗೆ ಅಂತ ಹೇಳಿ ಮಾರುವುದು, ಗಾಳಿಗೆ ಅಂತ ತೂತು ಇಡುವುದು! ತೂತಿಗೂ ದುಡ್ಡಾ? ಖಲಾಸ್, ಅದನ್ನೂ ಕಳೆ."

ಹೀಗೆ ಕಳೆಯುತ್ತ ಕಳೆಯುತ್ತ ಬಂದು ತೋಳಿನೊಳಗೆ ಹೊಲಿದಿದ್ದ ಒಂದು ಸಣ್ಣ ಪಟ್ಟಿಯ ಮೇಲೆ ಬೆರಳಿಟ್ಟರು. "ಇದು?"

"ಅದು ಸೇಫ್ಟಿಗೆ. ಹಿಮ ಕುಸಿದು ಮನುಷ್ಯ ಅಡಿಗೆ ಹೋದ್ರೆ, ಮೇಲಿಂದ ಮೆಷಿನ್ ಹಿಡಿದು ಈ ಪಟ್ಟಿಯಿಂದ ಅವನು ಎಲ್ಲಿದ್ದಾನೆ ಅಂತ ಹುಡುಕ್ತಾರೆ."

"ಹುಡುಕುವುದು ಅವರ ಕೆಲಸ. ಅದಕ್ಕೆ ನಾನ್ಯಾಕೆ ದುಡ್ಡು ಕೊಡಬೇಕು? ಇದು ಬೇಡವೇ ಬೇಡ. ಇದನ್ನು ಕತ್ತರಿಸು."

ಅಷ್ಟು ಹೊತ್ತೂ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದ ಅವರ ಹೆಂಡತಿ ಮೊದಲ ಬಾರಿ ಬಾಯಿ ತೆರೆದರು.

"ಬೇಡದಿದ್ರೆ ಬೇಡ, ಕತ್ತರಿಸಿ. ಆದ್ರೆ ಹೊರಡುವ ಮೊದಲು ಲಾಕರಿನ ಬೀಗದಕೈ ನನ್ನ ಹತ್ತಿರ ಕೊಟ್ಟುಬಿಡಿ."

ಹಾಜಿಯವರು ಹೆಂಡತಿಯನ್ನು ನೋಡಿದರು, ಪಟ್ಟಿಯನ್ನು ನೋಡಿದರು. ಆಮೇಲೆ ಚೀಟಿಯಲ್ಲಿದ್ದ ಪೂರ್ತಿ ಬೆಲೆ ಕೊಟ್ಟು, ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದರು: "ಅಂಥ ಪಟ್ಟಿ ಇನ್ನೆರಡು ಸಿಕ್ತದಾ?"

ರಜೆಗೆ ಹೋದ ಇಂಜಿನಿಯರ್

ಬಣ್ಣದಲ್ಲಿ ಉಳಿಸಬಹುದು ಎಂಬ ನನ್ನ ಪಾಠವನ್ನು ಅಕ್ಷರಶಃ ಪಾಲಿಸಿದ ಏಕೈಕ ಗಿರಾಕಿ, ದುಬೈಯ ಒಂದು ಕಟ್ಟಡ ಕಂಪನಿಯ ಸೈಟ್ ಇಂಜಿನಿಯರ್. ಬ್ರಹ್ಮಾವರದವರು. ಹೋದ ವರ್ಷದ ಬಣ್ಣದ ಜಾಕೆಟ್ ಅರ್ಧ ಬೆಲೆಗೆ ಉಂಟು ಎಂದೆ. ಯಾವ ಬಣ್ಣ ಎಂದರು. ಕಿತ್ತಳೆ, ಮುಖಕ್ಕೆ ಹೊಡೆಯುವಂಥ ಕಿತ್ತಳೆ. ಅವರ ಹೆಂಡತಿ "ಬೇಡ ಮಾರ್ರೆ, ಸೈಟಿನಲ್ಲಿ ದಿನಾ ಹಾಕುವುದು ಅದೇ ಬಣ್ಣ ಅಲ್ವಾ" ಎಂದರು. ಇಂಜಿನಿಯರು "ಅಭ್ಯಾಸ ಉಂಟಲ್ಲ, ಇನ್ನೂ ಒಳ್ಳೆಯದು" ಎಂದು ಕೊಂಡೇಬಿಟ್ಟರು.

ಎರಡು ವಾರದ ನಂತರ ಗಂಡ-ಹೆಂಡತಿ ಇಬ್ಬರೂ ಮಾಲ್‌ನಲ್ಲಿ ಸಿಕ್ಕರು. ಹೇಗಾಯ್ತು ಸರ್ ಟ್ರಿಪ್ಪು ಎಂದೆ. ಉತ್ತರ ಕೊಟ್ಟದ್ದು ಹೆಂಡತಿ.

ಅಲ್ಲಿ ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟಿನ ಕೆಲಸಗಾರರ ಸಮವಸ್ತ್ರವೂ ಕಿತ್ತಳೆಯದ್ದೇ ಅಂತೆ. ಮೊದಲ ದಿನ ಇವರು ಲಿಫ್ಟಿನ ಹತ್ತಿರ ಹೆಂಡತಿಗಾಗಿ ಕಾಯುತ್ತ ನಿಂತಿದ್ದಾರೆ. ಒಬ್ಬ ಪ್ರವಾಸಿ ಬಂದು ಟಿಕೇಟು ಮುಂದೆ ಹಿಡಿದಿದ್ದಾನೆ. ಇವರು ಸಭ್ಯಸ್ಥರು, ನೋಡಿ, ತಲೆಯಾಡಿಸಿ, ವಾಪಸ್ ಕೊಟ್ಟಿದ್ದಾರೆ. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಸಾಲು.

"ಅಲ್ಲ ಸರ್, ನಾನು ಕೆಲಸದವನಲ್ಲ ಅಂತ ಹೇಳಬಹುದಿತ್ತಲ್ಲ?" ಎಂದೆ.

ಇಂಜಿನಿಯರು ತಲೆ ಕೆರೆದುಕೊಂಡರು. "ಹೇಳ್ತಿದ್ದೆ. ಆದ್ರೆ ಆ ಸಾಲು ನೋಡಿ ನನಗೆ ತಡೆಯಲಿಲ್ಲ. ಒಟ್ರಾಶಿ, ಹೇಗ್ಹೇಗೋ ನಿಂತಿದ್ದಾರೆ. ಮಕ್ಕಳಿದ್ದವರನ್ನು ಒಂದು ಕಡೆ ಮಾಡಿದೆ, ಒಬ್ಬೊಬ್ಬರೇ ಬಂದವರನ್ನು ಇನ್ನೊಂದು ಕಡೆ. ಹತ್ತು ನಿಮಿಷದಲ್ಲಿ ರಶ್ಶು ಮಾಫಿ, ಇಲ್ಲವೇ ಇಲ್ಲ!"

ಅಷ್ಟರಲ್ಲಿ ಅಲ್ಲಿಯ ಮೇಲ್ವಿಚಾರಕ ಬಂದ. ಹೊಸಬ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡನೋ ಏನೋ, ಬೆನ್ನು ತಟ್ಟಿ ಕೈಗೊಂದು ಸಲಿಕೆ ಕೊಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿ ಹೋದ. ಇವರು ಆ ಸಲಿಕೆಯನ್ನು ಪಕ್ಕದಲ್ಲಿದ್ದ ನಿಜವಾದ ಕೆಲಸಗಾರನಿಗೆ ದಾಟಿಸಿ, ಎಲ್ಲಿಯ ಹಿಮ ಎತ್ತಬೇಕು ಎಂದು ಬೆರಳಿನಿಂದ ತೋರಿಸಿದರು. ಅವನು ಎತ್ತಿದ. ಮಧ್ಯಾಹ್ನ ಎಲ್ಲ ಕೆಲಸಗಾರರ ಜೊತೆ ಕೂರಿಸಿ ಬಿಸಿ ಸೂಪು, ರೊಟ್ಟಿ ಕೊಟ್ಟರು.

"ನಾಲ್ಕು ದಿನ ರಜೆ ಹಾಕಿ ಹೋದವರು," ಎಂದರು ಹೆಂಡತಿ, "ಅಲ್ಲಿ ಹೋಗಿ ಡ್ಯೂಟಿ ಮಾಡಿ ಬಂದ್ರು. ನಾನೊಬ್ಬಳೇ ಜಾರಿದ್ದು."

ಇಂಜಿನಿಯರಿಗೆ ಬೇಸರವಿದ್ದ ಹಾಗೆ ಕಾಣಲಿಲ್ಲ. "ಹೊರಡುವ ದಿನ ಆ ಸೂಪರ್‌ವೈಸರ್ ಕೈ ಹಿಡಿದು ಅರೆಬರೆ ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದ," ಎಂದರು. "ನಾಳೆ ಯಾವ ಶಿಫ್ಟಿಗೆ ಬರ್ತೀ ಅಂತ."

ಅಲ್ ಮೀನಾದ ಕೈಗವಸು

ನನ್ನ ದೊಡ್ಡಮ್ಮನ ಮಗ ಅಬುಧಾಬಿಯಲ್ಲಿದ್ದ. ಆಫೀಸಿನ ಗೆಳೆಯರೊಂದಿಗೆ ಹಿಮ ನೋಡಲು ಹೊರಟವನು ನನಗೆ ಫೋನು ಮಾಡಿದ. ಕೈಗವಸಿನ ಬೆಲೆ ಹೇಳಿದೆ.

"ಅಣ್ಣ, ಕೈಗವಸಿಗಾ ಇಷ್ಟು? ಕೈ ಸೇರಿಸಿಯಾ?"

"ನೋಡು, ಎಲ್ಲದರಲ್ಲಿ ಉಳಿಸು, ಇದರಲ್ಲಿ ಬೇಡ. ನೀರು ಒಳಗೆ ಹೋದ್ರೆ ಬೆರಳು ಮರಗಟ್ಟಿ ಹೋಗ್ತದೆ."

"ನೀರು ಹೋಗಬಾರದು, ಚಳಿ ಹೋಗಬಾರದು. ಅಷ್ಟೇ ತಾನೆ?" ಎಂದು ಫೋನು ಇಟ್ಟ.

ಅವನ ರೂಮಿನಲ್ಲಿದ್ದ ಇನ್ನೊಬ್ಬನಿಗೆ ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ ಕೆಲಸ. ದಿನವಿಡೀ ಐಸಿನ ಪೆಟ್ಟಿಗೆಯೊಳಗೆ ಕೈ ಹಾಕಿ ಅಂಜಲು, ಬಂಗುಡೆ ಎತ್ತುವವನು. ಅವನ ಕೈಗವಸು ಹೊರಗೆ ದಪ್ಪ ರಬ್ಬರು, ಒಳಗೆ ಬೆಚ್ಚಗಿನ ಬಟ್ಟೆ, ಉದ್ದ ಮೊಣಕೈವರೆಗೆ. ನಮ್ಮವನು ಅದನ್ನು ಎರವಲು ತೆಗೆದುಕೊಂಡು ನನಗೆ ಫೋಟೋ ಕಳಿಸಿದ. ಕೆಳಗೆ ಬರೆದಿದ್ದ: "ಐಸಿನಲ್ಲಿ ಎಂಟು ಗಂಟೆ ಕೈ ಇಡುವವನಿಗೆ ಸಾಕಾಗುವುದು ಐಸಿನ ಮೇಲೆ ಎರಡು ಗಂಟೆ ಜಾರುವವನಿಗೆ ಸಾಲದಾ?"

ಬಿಳಿಗಡ್ಡದ ತರಬೇತುದಾರನ ಪಾಠದಲ್ಲಿ ಇದು ಇರಲಿಲ್ಲ. "ವಾಸನೆ?" ಎಂದಷ್ಟೇ ಕೇಳಿದೆ.

"ನಿಂಬೆಹುಳಿ ಹಾಕಿ ಮೂರು ಸಲ ತೊಳೆದಿದ್ದೇನೆ. ಮಲ್ಲಿಗೆಯ ಹಾಗೆ ಉಂಟು."

ಹೋಗಿ ಬಂದ ಮೇಲೆ ಅವನೇ ಹೇಳಿದ ಕತೆ ಇದು. ಕೈ ಬೆಚ್ಚಗಿತ್ತಂತೆ. ಒಂದು ಹನಿ ನೀರು ಒಳಗೆ ಹೋಗಲಿಲ್ಲವಂತೆ. ಸಾವಿರಾರು ಕೊಟ್ಟು ಕೊಂಡ ಗೆಳೆಯರು ಕೈ ಉಜ್ಜುತ್ತಿದ್ದಾಗ ಇವನು ಊರಿನ ಅಂಗಳದಲ್ಲಿರುವವನಂತೆ ಆರಾಮವಾಗಿದ್ದನಂತೆ. ಆದರೆ ರಾತ್ರಿ ಹೋಟೆಲಿನವರು ಒದ್ದೆ ಸಾಮಾನನ್ನೆಲ್ಲ ಹೀಟರಿನ ಮೇಲೆ ಒಣಗಿಸಿಟ್ಟರು. ಬೆಳಿಗ್ಗೆ ಹೊತ್ತಿಗೆ ನಿಂಬೆಹುಳಿಯ ಪ್ರಭಾವ ಇಳಿದು ಬಂಗುಡೆ ಎದ್ದು ಕೂತಿತ್ತು.

ಆ ಬೆಟ್ಟದ ಬುಡದಲ್ಲಿ ಬೀದಿನಾಯಿಗಳು ಬಹಳ. ಒಂದೊಂದೂ ಕರುವಿನ ಗಾತ್ರ. ಪಾಪ, ಸಾಧು ಪ್ರಾಣಿಗಳು. ಅವು ಚಳಿಗೆ ಮುದುರಿ ಮಲಗಿದ್ದವು. ನಮ್ಮವನು ಹೊರಗೆ ಕಾಲಿಟ್ಟದ್ದೇ ಒಂದು ಮೂಗೆತ್ತಿತು. ಆಮೇಲೆ ಎಲ್ಲವೂ ಎತ್ತಿದವು, ಬಂಗುಡೆಯ ಹಿಂದೆ ಜಾರುವ ಇಳಿಜಾರಿನವರೆಗೂ ಬಂದವು.

"ಎಷ್ಟು ನಾಯಿ?" ಎಂದೆ.

"ಎಣಿಸಲಿಕ್ಕೆ ತಿರುಗಿ ನೋಡಬೇಕಲ್ಲ ಅಣ್ಣ! ಜಾರಲಿಕ್ಕೆ ಕಲಿಸುವ ಮೇಷ್ಟ್ರು ಕೆಳಗೆ ನಿಂತು 'ಸ್ಟಾಪ್, ಸ್ಟಾಪ್' ಅಂತ ಕೂಗ್ತಿದ್ದಾರೆ. ನಾನು ಎಲ್ಲಿ ನಿಲ್ಲುವುದು?"

ಮೇಷ್ಟರು ಅವನ ಗುಂಪಿನವರಿಗೆಲ್ಲ ಸಂಜೆ ಒಂದೊಂದು ಸರ್ಟಿಫಿಕೇಟು ಕೊಟ್ಟರಂತೆ. ಉಳಿದವರದ್ದರಲ್ಲಿ 'ಪ್ರಾಥಮಿಕ ಹಂತ' ಎಂದಿತ್ತು. ಇವನೊಬ್ಬನದ್ದರಲ್ಲಿ 'ವೇಗ: ಅತ್ಯುತ್ತಮ'.

ಹೋದ ವರ್ಷದ ಮಾಡೆಲ್

ದುಬೈಯ ಊದ್ ಮೇಥಾದಲ್ಲಿ ವಾಸವಿದ್ದ ಒಬ್ಬ ಬ್ಯಾಂಕ್ ಅಧಿಕಾರಿ ಮಗಳೊಂದಿಗೆ ಬಂದರು. ಮಗಳು ಶಾಲೆಯಲ್ಲಿ ಟೀಚರ್. ತನ್ನ ಕ್ಲಾಸಿನ ಮಕ್ಕಳನ್ನು ಮಾಲ್‌ನೊಳಗೆ ಯಂತ್ರದಿಂದ ಮಾಡಿದ ಹಿಮದ ಆಟಕ್ಕೆ ಕರೆದುಕೊಂಡು ಹೋಗಬೇಕು. ಅದಕ್ಕೆ ತಾನೂ ಮೈತುಂಬ ಸಾಮಾನು ಕೊಳ್ಳಬೇಕೆಂದು ಬಂದಿದ್ದಳು.

"ಜಾಕೆಟ್ ಬೇಡ ಮೇಡಂ, ಅದನ್ನು ಅಲ್ಲೇ ಕೊಡ್ತಾರೆ," ಎಂದೆ. "ಒಂದು ಜೊತೆ ಒಳ್ಳೆ ಕೈಗವಸು ತಕ್ಕೊಳ್ಳಿ, ಸಾಕು."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಂಗಡಿಯವನೇ ಬೇಡ ಎನ್ನುವುದನ್ನು ಅವರು ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದಂತೆ. ಮರುವಾರ ಒಬ್ಬರೇ ಬಂದರು. ಒಂದು ಟೋಪಿ ಕೈಯಲ್ಲಿ ಹಿಡಿದುಕೊಂಡು ಊರು ಎಲ್ಲಿ, ಮನೆಯಲ್ಲಿ ಯಾರ್ಯಾರು, ಹುಟ್ಟಿದ ನಕ್ಷತ್ರ ಯಾವುದು ಎಂದೆಲ್ಲ ಕೇಳಿದರು. ಟೋಪಿಗೂ ನಕ್ಷತ್ರಕ್ಕೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಹೇಳಿದೆ. ಟೋಪಿ ಕೊಳ್ಳದೆ ಹೋದರು.

ಮೂರನೆಯ ಸಲ ಮಗಳು ಒಬ್ಬಳೇ ಬಂದಳು. ನಾನು ಕೈಗವಸಿನಲ್ಲಿ ಏನೋ ತೊಂದರೆಯಾಗಿದೆ ಎಂದುಕೊಂಡು ಓಡಿದೆ.

"ಕೈಗವಸು ಸರಿ ಉಂಟು," ಎಂದಳು. "ಅಪ್ಪ ನಿಮ್ಮನ್ನು ನೋಡಿಕೊಂಡು ಬಾ ಅಂದ್ರು."

ನನಗೆ ಏರ್‌ಕಂಡೀಶನ್ನಿನಲ್ಲೂ ಬೆವರು. ಬಾಯಿಗೆ ಬಂದದ್ದು ಹೇಳಿದೆ: "ನನಗೆ ಮೂವತ್ತೆರಡು ಆಯ್ತು. ಹೋದ ವರ್ಷದ ಮಾಡೆಲ್ಲು."

"ಹೋದ ವರ್ಷದ್ದಲ್ಲ, ಅದಕ್ಕೂ ಹಿಂದಿನದು," ಎಂದಳು. "ಬ್ರ್ಯಾಂಡೂ ನಾನು ಕೇಳಿದ್ದಲ್ಲ. ಅದಿರಲಿ. ಇಷ್ಟವಾಗದಿದ್ರೆ ವಾಪಸ್ ಕೊಡಬಹುದಾ?"

ನನಗೆ ಗೊತ್ತಿದ್ದದ್ದು ಅಂಗಡಿಯ ನಿಯಮವೊಂದೇ. "ಹದಿನಾಲ್ಕು ದಿನದೊಳಗೆ. ಬಿಲ್ಲು ಬೇಕು."

ನಕ್ಕುಬಿಟ್ಟಳು. ಮದುವೆಯಾಗಿ ವರ್ಷಗಳೇ ಕಳೆದವು. ಇವತ್ತಿಗೂ ನಾನು ಏನಾದರೂ ಎಡವಟ್ಟು ಮಾಡಿದ ದಿನ ಅವಳು ಕಪಾಟಿನ ಒಂದೊಂದೇ ಖಾನೆ ತೆರೆದು ಹುಡುಕುತ್ತಾಳೆ. ಏನು ಹುಡುಕುತ್ತೀ ಎಂದರೆ ಹೇಳುತ್ತಾಳೆ: "ಬಿಲ್ಲು."

ಸರಾಸರಿ ಕಾಲು

ಇದು ಅಬುಧಾಬಿಯ ಹಮ್ದಾನ್ ಸ್ಟ್ರೀಟ್‌ನ ಒಂದು ಆಫೀಸಿನ ಅಕೌಂಟೆಂಟರ ಕತೆ. ಪುತ್ತೂರು ಕಡೆಯವರು. ಅವರು, ಅವರ ಹೆಂಡತಿ, ಹೆಂಡತಿಯ ತಮ್ಮ, ಒಬ್ಬ ಗೆಳೆಯ, ಗೆಳೆಯನ ಹೆಂಡತಿ, ಹೀಗೆ ಐದು ಜನ ಜಾರ್ಜಿಯಾಕ್ಕೆ ಹೊರಟಿದ್ದರು. ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವುದು ಹೇಗೆ? ಅವರಿಗೂ ವೀಸಾ ಮಾಡಿಸಿ ಟಿಕೇಟು ತೆಗೆದರು. ಅರುವತ್ತು ದಾಟಿದ ಹೆಂಗಸು. ಹಿಮ ನೋಡಿ, ಚಾ ಕುಡಿದು, ಎಲ್ಲರ ಬ್ಯಾಗು ಕಾಯುವುದೆಂದು ತೀರ್ಮಾನ.

ಅಕೌಂಟೆಂಟರು ಬೂಟು ಕೊಳ್ಳಲು ಬಂದರು. ಅಲ್ಲಿ ಬಾಡಿಗೆಗೆ ಸಿಗುತ್ತದೆ ಎಂದೆ. "ಛೆ, ಯಾರ್ಯಾರ ಕಾಲು ಹಾಕಿದ್ದೋ!" ಎಂದರು. ಹಾಗಾದರೆ ಒಬ್ಬೊಬ್ಬರೂ ಬಂದು ಅಳತೆ ಕೊಟ್ಟು ಕೊಳ್ಳಿ ಎಂದೆ. "ಐದು ಜೊತೆಯಾ? ಒಂದೇ ಸಲಕ್ಕೆ ಐದು ಜನ ಜಾರುವುದಿಲ್ಲ. ಎರಡು ಜೊತೆ ಸಾಕು, ಸರದಿಯಲ್ಲಿ ಹಾಕ್ತೇವೆ."

"ಸೈಜು?"

ಅಕೌಂಟೆಂಟರು ಮೊಬೈಲು ತೆಗೆದರು. "ನನ್ನದು ನಲವತ್ತಮೂರು. ಹೆಂಡತಿ ಮೂವತ್ತೆಂಟು. ಗೆಳೆಯ ನಲವತ್ತನಾಲ್ಕು, ಅವನ ಹೆಂಡತಿ ಮೂವತ್ತಾರು. ಭಾವಮೈದ ನಲವತ್ತನಾಲ್ಕು. ಅತ್ತೆ ನಲವತ್ತೊಂದು."

"ಅತ್ತೆಯವರು ಜಾರುವುದಿಲ್ಲ ಅಂದ್ರಲ್ಲ?"

"ಜಾರದಿದ್ರೇನು? ತಲೆಲೆಕ್ಕದಲ್ಲಿ ಯಾರನ್ನೂ ಬಿಡಬಾರದು." ಕೂಡಿಸಿ, ಆರರಿಂದ ಭಾಗಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಸರಾಸರಿ ಸರಿಯಾಗಿ ನಲವತ್ತೊಂದು. ಪಾಯಿಂಟೂ ಇಲ್ಲ!"

ಅಂದು ಕ್ಲಿಯರೆನ್ಸ್ ಕಪಾಟಿನಲ್ಲಿ ಅರ್ಧ ಬೆಲೆಗೆ ಉಳಿದಿದ್ದದ್ದೂ ನಲವತ್ತೊಂದೇ. ಎರಡೇ ಜೊತೆ. ಅಕೌಂಟೆಂಟರು ದೇವರೇ ಬಂದು ಎದುರು ನಿಂತ ಹಾಗೆ ಕಣ್ಣು ಮುಚ್ಚಿ ತೆರೆದರು.

"ಸರ್," ಎಂದೆ, "ಇದು ಚಪ್ಪಲಿಯಲ್ಲ. ಕಲ್ಲಿನ ಹಾಗಿರುವ ಪ್ಲಾಸ್ಟಿಕ್ಕು. ಎಳೆದರೆ ಬರುವುದಿಲ್ಲ. ಬೇರೆ ಎಲ್ಲದರಲ್ಲಿ ಉಳಿಸಿ, ಬೂಟಿನಲ್ಲಿ ಬೇಡ."

"ನೀವು ಮಾರುವವರು ಹಾಗೇ ಹೇಳ್ತೀರಿ," ಎಂದು ಎರಡೂ ಪೆಟ್ಟಿಗೆ ಹೊತ್ತುಕೊಂಡು ಹೋದರು.

ಮುಂದಿನದ್ದು ನಾನು ಕಂಡದ್ದಲ್ಲ. ಮೂರು ವಾರದ ನಂತರ ಅಕೌಂಟೆಂಟರು ಪೆಟ್ಟಿಗೆಗಳೊಂದಿಗೆ ಅಂಗಡಿಗೆ ಮರಳಿದಾಗ ಜೊತೆಗೆ ಅತ್ತೆಯೂ ಬಂದಿದ್ದರು. ನೂಲಿನ ಸೀರೆ, ಮೇಲೊಂದು ಸ್ವೆಟರು, ಕಾಲಿಗೆ ಹವಾಯಿ ಚಪ್ಪಲಿ. ಅಳಿಯ ಬಾಯಿ ತೆರೆಯುವ ಮೊದಲೇ ಅವರು ಬೆಂಚಿನ ಮೇಲೆ ಕುಳಿತು ಶುರು ಮಾಡಿದರು.

"ನಿನ್ನ ಬೂಟಿನ ಕತೆ ಕೇಳು ಮಗ. ಮೊದಲು ಈ ಅಳಿಯಂದಿರು ಹಾಕಿದ್ರು. ಹತ್ತು ಹೆಜ್ಜೆ ಹೋದವರು ಮುಖ ಕೆಂಪು ಮಾಡಿಕೊಂಡು ಬಂದು ಕೂತ್ರು. ಇವರ ಸ್ನೇಹಿತನ ಕಾಲು ಒಳಗೇ ಹೋಗಲಿಲ್ಲ. ಅವನ ಹೆಂಡತಿಯದ್ದು ಸಣ್ಣ ಕಾಲು. ಅವಳು ಬಲಗಡೆ ತಿರುಗ್ತಾಳೆ, ಬೂಟು ನೆಟ್ಟಗೆ ಹೋಗ್ತದೆ. ನನ್ನ ಮಗಳು ಮೂರು ಕಾಲುಚೀಲ ಹಾಕಿದ್ಲು, ಆದ್ರೂ ಒಳಗೆ ಕಾಲು ಗಡಗಡ. ನನ್ನ ಮಗ ಉಂಟಲ್ಲ, ಅವನು ಹಠ ಮಾಡಿ ಬರಿಗಾಲಿನಲ್ಲಿ ತುರುಕಿದ. ತುರುಕಿದ್ದು ಸರಿ, ತೆಗೆಯುವುದು ಹೇಗೆ? ಇಬ್ಬರು ಅವನನ್ನು ಹಿಡಿದು, ಒಬ್ಬ ಬೂಟು ಹಿಡಿದು, ದನಕ್ಕೆ ಹೆರಿಗೆ ಮಾಡಿಸಿದ ಹಾಗೆ ಎಳೆದ್ರು."

"ಅತ್ತೆ, ಅದೆಲ್ಲ ಇಲ್ಲಿ ಯಾಕೆ?" ಎಂದರು ಅಕೌಂಟೆಂಟರು.

"ಹೇಳಲಿಕ್ಕೇ ಬಂದದ್ದು ನಾನು," ಎಂದು ಅತ್ತೆ ಮುಂದುವರಿಸಿದರು.

ಕಷ್ಟವಿದ್ದದ್ದು ಇಲ್ಲಿ: ಅಳಿಯ, ಜಾರಲು ಕಲಿಸುವವನಿಗೆ ಮೂರು ದಿನದ ಫೀಸು ಮೊದಲೇ ಕಟ್ಟಿದ್ದರು. ವಾಪಸ್ ಸಿಗುವುದಿಲ್ಲ. ಕಲಿಸುವ ಹುಡುಗ ಗಡಿಯಾರ ನೋಡುತ್ತ ನಿಂತಿದ್ದಾನೆ. ಅಳಿಯನಿಗೆ ಕಾಲುನೋವಿಗಿಂತ ಹೆಚ್ಚು ಆ ಗಡಿಯಾರದ ನೋವು. ಐದೂ ಜನ ಹಿಮದ ಮೇಲೆ ಕಾಲು ನೀವುತ್ತ ಕುಳಿತಿದ್ದನ್ನು ನೋಡಿ ಅತ್ತೆ ಕೈಯಲ್ಲಿದ್ದ ಚಾ ಲೋಟ ಮಗಳಿಗೆ ಕೊಟ್ಟರು.

"ಎಲ್ಲಿ, ಅದನ್ನು ಇಲ್ಲಿ ಕೊಡಿ ಅಂದೆ. ಹಾಕಿದೆ. ನನಗೇ ಹೊಲಿದ ಹಾಗೆ ಉಂಟು! ನನ್ನ ಕಾಲಿಗೆ ಊರಲ್ಲಿ ಹೆಂಗಸರ ಚಪ್ಪಲಿ ಯಾವತ್ತೂ ಸಿಗುವುದಿಲ್ಲ ಮಗ. ಗಂಡಸರದ್ದೇ ಹಾಕುವುದು. ಎಲ್ಲರೂ ನಗಾಡಿದ ಕಾಲು ಇದು. ಆ ದಿನ ಅದೊಂದೇ ಕಾಲು ಸರಿಯಾದದ್ದು."

ಸೀರೆಗೆ ಕಚ್ಚೆ ಹಾಕಿ, ಮೇಲೆ ಮಗಳ ಜಾಕೆಟ್ ತೊಟ್ಟು, ಅಳಿಯನ ಹೆಲ್ಮೆಟ್ ಇಟ್ಟುಕೊಂಡು ಅತ್ತೆ ಇಳಿದರು. ಕಲಿಸುವ ಹುಡುಗನಿಗೆ ಬರುತ್ತಿದ್ದದ್ದು ಎರಡೇ ಇಂಗ್ಲಿಷ್ ಶಬ್ದ, 'ಗುಡ್' ಮತ್ತು 'ನೋ'. ಬೆಳಿಗ್ಗೆಯಿಂದ 'ನೋ, ನೋ' ಎಂದು ಗಂಟಲೊಣಗಿದ್ದವನು ಈಗ 'ಗುಡ್, ಗುಡ್' ಎನ್ನತೊಡಗಿದ. ಎರಡನೆಯ ದಿನ ಅತ್ತೆ ಬೀಳದೆ ತಿರುಗಿದರು. ಮೂರನೆಯ ದಿನ ಕುರ್ಚಿ ಲಿಫ್ಟು ಹತ್ತಿ ಮೇಲಿನಿಂದ ಇಳಿದು ಬಂದರು. ಉಳಿದ ಐವರು ಕೆಳಗೆ ಬೆಂಚಿನ ಮೇಲೆ ಸಾಲಾಗಿ ಕುಳಿತು ಎಲ್ಲರ ಬ್ಯಾಗು ಕಾಯುತ್ತ ವಿಡಿಯೋ ತೆಗೆದರು.

"ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತ ಗಾದೆ ಉಂಟಲ್ಲ," ಎಂದರು ಅತ್ತೆ. "ಅಳಿಯಂದಿರು ನನ್ನನ್ನು ಲೆಕ್ಕಕ್ಕೆ ಮಾತ್ರ ಹಿಡಿದಿದ್ರು."

ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಈ ವಯಸ್ಸಿನಲ್ಲಿ ಜಾರಿ ಬೀಳ್ತೇನೆ ಅಂತ ಹೆದರಿಕೆ ಆಗಲಿಲ್ಲವಾ?"

"ಎಂಥ ಹೆದರಿಕೆ? ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ತಲೆ ಮೇಲೆ ಹುಲ್ಲಿನ ಕಟ್ಟ ಹೊತ್ತು ನಲವತ್ತು ವರ್ಷ ನಡೆದವಳು ನಾನು. ಅಲ್ಲಿ ಹಿಡಿಯಲಿಕ್ಕೆ ಎರಡು ಕೋಲು ಯಾರು ಕೊಟ್ಟಿದ್ರು?"

ಅಕೌಂಟೆಂಟರು ಇನ್ನು ಕಾಯಲಾರೆ ಎಂಬಂತೆ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟರು. ಒಂದು ಜೊತೆ ಮುಟ್ಟಿದ್ದೇ ಇಲ್ಲ. ಹದಿನಾಲ್ಕು ದಿನ ದಾಟಿದ್ದರೂ ಅದನ್ನು ನಾನು ಮ್ಯಾನೇಜರಿಗೆ ಹೇಳಿ ಹೇಗೋ ವಾಪಸ್ ತೆಗೆದುಕೊಂಡೆ. ಇನ್ನೊಂದು ಜೊತೆಯ ಅಡಿ ಮೂರೇ ದಿನದಲ್ಲಿ ಚೆನ್ನಾಗಿ ಸವೆದಿತ್ತು.

"ಇದು ಆಗುವುದಿಲ್ಲ ಸರ್, ಬಳಸಿದ್ದು."

"ಹಾಗೆ ಹೇಳಬೇಡಿ ಮಾರಾಯ್ರೆ. ಮನೆಯಲ್ಲಿ ಇದನ್ನು ಯಾರು ಹಾಕಲಿಕ್ಕುಂಟು?" ಎಂದು ಅಕೌಂಟೆಂಟರು ಗೋಗರೆದರು.

ಅಷ್ಟರಲ್ಲಿ ಅತ್ತೆ ಎದ್ದು ಬಂದು ಆ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡರು.

"ಇದನ್ನು ಯಾರೂ ಕೊಡುವುದು ಬೇಡ. ನಾನು ಊರಿಗೆ ತಕ್ಕೊಂಡು ಹೋಗ್ತೇನೆ."

"ಅತ್ತೆ, ಪುತ್ತೂರಿನಲ್ಲಿ ಹಿಮ ಎಲ್ಲುಂಟು?"

"ಹಿಮ ಯಾರಿಗೆ ಬೇಕು? ಕತ್ತಲೆಗೆ ಎದ್ದು ಕೊಟ್ಟಿಗೆಗೆ ಹೋಗುವಾಗ ಹಾಕ್ತೇನೆ." ಪೆಟ್ಟಿಗೆ ತೆರೆದು, ಮೊಣಕಾಲಿನ ಹತ್ತಿರದವರೆಗೆ ಬರುವ ಆ ಕಲ್ಲಿನಂಥ ಬೂಟನ್ನು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನನಗೆ ತೋರಿಸಿದರು. "ನೋಡು ಮಗ. ನಾಗರಹಾವು ಕಚ್ಚಿದ್ರೆ, ಆಸ್ಪತ್ರೆಗೆ ಅದು ಹೋಗಬೇಕು."